150 ಪೌಂಡಿನ ಕುದುರೆ, ಒಂದೂವರೆ ಲಕ್ಷ ಡಾಲರಿನ ಮರಿಮಗ

1913ರಲ್ಲಿ 150 ಪೌಂಡ್. 1969ರಲ್ಲಿ 1,50,000 ಡಾಲರ್. ಮೊದಲ ಮೊತ್ತ ಸ್ಕೊವ್ರೊನೆಕ್ ಎಂಬ ಬಿಳಿಯ ಅರಬ್ಬಿ ಗಂಡುಕುದುರೆಗೆ ಪೋಲೆಂಡಿನ ಜಮೀನುದಾರರೊಬ್ಬರ ಲಾಯದಲ್ಲಿ ಸಂದ ಬೆಲೆ. ಎರಡನೆಯದು ಅದರ ಮರಿಮಗ ನಬೋರ್‌ಗೆ ಅಮೆರಿಕದ ಅರಿಜೋನಾದ ಹರಾಜಿನಲ್ಲಿ ಬಿದ್ದ ಕೂಗು. ನಡುವೆ 56 ವರ್ಷ, ಮೂರು ತಲೆಮಾರು, ಎರಡು ಮಹಾಯುದ್ಧ, ಒಂದು ಕ್ರಾಂತಿ.

ಈ ಎರಡು ಅಂಕಿಗಳನ್ನು ನಮ್ಮ ರೂಪಾಯಿಗೆ ಇಳಿಸಿ ನೋಡೋಣ. 1913ರಲ್ಲಿ ಒಂದು ಪೌಂಡಿಗೆ 15 ರೂಪಾಯಿ. ಅಂದರೆ ಸ್ಕೊವ್ರೊನೆಕ್ ಬೆಲೆ 2,250 ರೂಪಾಯಿ. 1969ರಲ್ಲಿ ಡಾಲರಿಗೆ ಏಳೂವರೆ ರೂಪಾಯಿ. ನಬೋರ್ ಬೆಲೆ 11 ಲಕ್ಷದ 25 ಸಾವಿರ. ಹಣದ ಬೆಲೆಯೇ ಇಳಿದಿತ್ತಲ್ಲ ಎಂದು ಕೇಳಿದರೆ ಅದಕ್ಕೂ ಲೆಕ್ಕವಿದೆ. 1913ರ 150 ಪೌಂಡ್ ಆಗಿನ ವಿನಿಮಯದಲ್ಲಿ ಸುಮಾರು 730 ಡಾಲರ್. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಆ ವರ್ಷ 9.9 ಇದ್ದದ್ದು 1969ಕ್ಕೆ 36.7 ಆಗಿತ್ತು. ಆ ಪ್ರಕಾರ 730 ಡಾಲರು 2,700 ಆಗಬೇಕಿತ್ತು. ಆಗಿದ್ದು ಅದರ 55 ಪಟ್ಟು. ಹಣದುಬ್ಬರ ಕಳೆದ ಮೇಲೂ ಉಳಿಯುವ ಈ 55 ಪಟ್ಟು ಎಲ್ಲಿಂದ ಬಂತು ಎಂಬುದೇ ಈ ವರದಿಯ ವಿಷಯ.

ಇಂದು ಉಕ್ರೇನಿನಲ್ಲಿರುವ ವೊಲ್ಹೀನಿಯಾ ಸೀಮೆಯ ಆಂತೊನಿನಿ ಎಂಬಲ್ಲಿ ಕೌಂಟ್ ಯೋಜೆಫ್ ಪೊತೊತ್ಸ್ಕಿ ಅವರ ಅಶ್ವಶಾಲೆ ಇತ್ತು. ಸ್ಕೊವ್ರೊನೆಕ್ ಹುಟ್ಟಿದ್ದು ಅಲ್ಲಿಯೇ. ತಂದೆ ಇಬ್ರಾಹಿಂ, ಮರುಭೂಮಿಯಿಂದ ತರಿಸಿದ ಕುದುರೆ. ತಾಯಿ ಯಸ್ಕೂಲ್ಕಾ, ಪೋಲಿಷ್ ಜಮೀನುದಾರರ ಲಾಯಗಳಲ್ಲಿ ತಲೆಮಾರುಗಳಿಂದ ಬೆಳೆದ ತಳಿಯ ಹೆಣ್ಣು. ತಂದೆಯ ಕಡೆ ನೇರ ಅರೇಬಿಯಾ, ತಾಯಿಯ ಕಡೆ ಪೋಲೆಂಡಿನ ಹಳೆಯ ಸಾಲು. ಕೆಲವು ತಳಿಗಾರರು ಇಂದಿಗೂ ಕೊಂಕು ತೆಗೆಯುವುದು ಈ ತಾಯಿಯ ಕಡೆಯ ಬಗ್ಗೆ. ಆ ಸಾಲಿನ ಬುಡದ ಹೆಣ್ಣುಕುದುರೆಗಳು ಬೆದುಯಿನ್ ಗುಡಾರಗಳಿಂದಲೇ ಬಂದವು ಎನ್ನಲು ಕಾಗದವಿಲ್ಲ ಎಂಬುದು ಅವರ ತಕರಾರು. ಅಮೆರಿಕದ ಅಲ್ ಖಮ್ಸಾ ಸಂಸ್ಥೆಯ ಪಟ್ಟಿಯಲ್ಲಿ ಸ್ಕೊವ್ರೊನೆಕ್ ರಕ್ತವಿರುವ ಕುದುರೆಗೆ ಈಗಲೂ ಜಾಗವಿಲ್ಲ. ಉಳಿದ ಪ್ರಪಂಚದ ದಾಖಲೆಗಳು ಅದನ್ನು ಶುದ್ಧ ಅರಬ್ಬಿ ಎಂದೇ ಒಪ್ಪಿಕೊಂಡಿವೆ.

1913ರಲ್ಲಿ ಆಂತೊನಿನಿಗೆ ಬಂದು ಕೊಂಡವರು ವಾಲ್ಟರ್ ವೈನನ್ಸ್. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅಮೆರಿಕನ್. 1908ರ ಒಲಿಂಪಿಕ್ಸಿನಲ್ಲಿ ಗುರಿಕಾರಿಕೆಗೆ ಚಿನ್ನ, 1912ರಲ್ಲಿ ಶಿಲ್ಪಕಲೆಗೆ ಚಿನ್ನ ಗೆದ್ದವರು. ಆಗ ಒಲಿಂಪಿಕ್ಸಿನಲ್ಲಿ ಕಲೆಗೂ ಪದಕವಿತ್ತು. ಅವರಿಗೆ ಈ ಕುದುರೆ ಬೇಕಾದದ್ದು ಹತ್ತಿ ಓಡಾಡಲು, ಕಂಚಿನ ಶಿಲ್ಪಕ್ಕೆ ಮಾದರಿಯಾಗಿ ನಿಲ್ಲಿಸಲು. ಬೀಜಕ್ಕೆಂದು ಕೊಂಡದ್ದಲ್ಲ. 150 ಪೌಂಡ್ ಒಂದು ಒಳ್ಳೆಯ ಸವಾರಿ ಕುದುರೆಯ ಬೆಲೆ, ಅಷ್ಟೇ.

ಆ ಮಾರಾಟ ಕುದುರೆಯ ಜೀವ ಉಳಿಸಿತು. ರಷ್ಯಾದ ಕ್ರಾಂತಿ ವೊಲ್ಹೀನಿಯಾಕ್ಕೆ ನುಗ್ಗಿದಾಗ ಆಂತೊನಿನಿ ಲಾಯ ನಾಶವಾಯಿತು. ನೆರೆಯ ಸ್ಲಾವುತಾದಲ್ಲಿ ಆ ಸೀಮೆಯ ಅತಿ ಹೆಸರುವಾಸಿ ಅಶ್ವಶಾಲೆಯ ಒಡೆಯ ರಾಜಕುಮಾರ ರೋಮನ್ ಸಂಗುಶ್ಕೊ ಅವರನ್ನು 1917ರಲ್ಲಿ ಸೈನಿಕರು ಕೊಂದರು. ಆಗ ಅವರಿಗೆ 85 ವರ್ಷ. ನಾಲ್ಕು ವರ್ಷ ಮೊದಲು ಇಂಗ್ಲೆಂಡಿಗೆ ಹೋಗಿದ್ದ ಸ್ಕೊವ್ರೊನೆಕ್ ಈ ವಿನಾಶದಿಂದ ಪಾರಾಯಿತು.

ಇಂಗ್ಲೆಂಡಿನಲ್ಲಿ ಅದು ಕೈಯಿಂದ ಕೈಗೆ ಹೋಯಿತು. ವೈನನ್ಸ್ ನಂತರ ಮತ್ತೊಬ್ಬರು, ಅವರ ನಂತರ ಮಸ್‌ಗ್ರೇವ್ ಕ್ಲಾರ್ಕ್ ಎಂಬ ತಳಿಗಾರರು. ಕೊನೆಗೆ 1920ರಲ್ಲಿ ಲೇಡಿ ವೆಂಟ್‌ವರ್ತ್ ಕೈಗೆ ಬಂತು. ಅವರದು ಸಸೆಕ್ಸಿನ ಕ್ರ್ಯಾಬೆಟ್ ಅಶ್ವಶಾಲೆ. 1878ರಲ್ಲಿ ಅವರ ತಂದೆ ವಿಲ್‌ಫ್ರಿಡ್ ಬ್ಲಂಟ್ ಮತ್ತು ತಾಯಿ ಲೇಡಿ ಆನ್ ಬ್ಲಂಟ್ ಕಟ್ಟಿದ್ದು. ಬ್ಲಂಟ್ ದಂಪತಿ ಅರೇಬಿಯಾ, ಸಿರಿಯಾ, ಈಜಿಪ್ಟ್ ಸುತ್ತಿ ಆರಿಸಿ ತಂದ ಕುದುರೆಗಳ ಮಕ್ಕಳು ಮೊಮ್ಮಕ್ಕಳು ಅಲ್ಲಿದ್ದವು. ನಾಲ್ಕು ದಶಕ ಒಳಗೊಳಗೇ ಕೂಡಿಸಿದ ಹೆಣ್ಣುಗಳ ಆ ಹಿಂಡಿಗೆ ಪೂರ್ತಿ ಹೊರಗಿನ ಗಂಡು ಬೇಕಿತ್ತು. ಸ್ಕೊವ್ರೊನೆಕ್ ಬೆಲೆ ಏರಿದ್ದು ಈ ಜಾಗದಲ್ಲಿ ಎಂಬುದು ನನ್ನ ಲೆಕ್ಕ. ಅದೇ ಕುದುರೆ ವೈನನ್ಸ್ ಲಾಯದಲ್ಲೇ ಉಳಿದಿದ್ದರೆ ಒಂದು ಕಂಚಿನ ಪ್ರತಿಮೆಯಾಗಿ ಮುಗಿಯುತ್ತಿತ್ತು.

ಲೇಡಿ ವೆಂಟ್‌ವರ್ತ್ ಎರಡೂವರೆ ಲಕ್ಷ ಡಾಲರಿನ ಬೇಡಿಕೆಯನ್ನು ತಿರಸ್ಕರಿಸಿದರು ಎಂಬ ಮಾತು ಕುದುರೆ ಲೋಕದಲ್ಲಿ ಬಹಳ ಕಾಲದಿಂದ ಓಡಾಡುತ್ತಿದೆ. ಮಾರಾಟವಾಗದ ಬೆಲೆಯನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೈ ಬದಲಾದ ಹಣವನ್ನಷ್ಟೇ ಎಣಿಸುವುದು ಸರಿ.

ಸ್ಕೊವ್ರೊನೆಕ್ 1930ರಲ್ಲಿ ಸತ್ತಿತು. ಕ್ರ್ಯಾಬೆಟ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಹತ್ತು ವರ್ಷದ ಒಳಗಿನ ಬಾಳು. ಆ ಅವಧಿಯ ಮೂವರು ಗಂಡುಮಕ್ಕಳು ಮೂರು ದಿಕ್ಕಿಗೆ ಹೋದರು: 1922ರ ನಸೀಮ್ ರಷ್ಯಾಕ್ಕೆ, 1923ರ ರಸೇನ್ ಕ್ಯಾಲಿಫೋರ್ನಿಯಾಕ್ಕೆ, 1926ರ ರಾಫಲ್ಸ್ ಓಹಾಯೋಗೆ.

ಇಲ್ಲಿ ಸಂತಾನದ ಗಣಿತ ಸ್ವಲ್ಪ ಬೇಕು. ಹೆಣ್ಣುಕುದುರೆಯ ಗರ್ಭ ಸುಮಾರು ಹನ್ನೊಂದು ತಿಂಗಳು. ಹೆರುವುದು ಒಂದೇ ಮರಿ. ನಾಲ್ಕನೆಯ ವಯಸ್ಸಿನಿಂದ ಹದಿನೆಂಟರವರೆಗೆ ಒಂದು ವರ್ಷವೂ ತಪ್ಪದೆ ಹೆತ್ತರೂ ಹದಿನೈದು ದಾಟದು. ಗರ್ಭ ನಿಲ್ಲದ ವರ್ಷ, ಕಂದು ಹಾಕಿದ ವರ್ಷ ಕಳೆದರೆ ಎಂಟು ಹತ್ತು ಸಿಕ್ಕರೆ ಪುಣ್ಯ. ಗಂಡಿಗೆ ಈ ಮಿತಿ ಇಲ್ಲ. ಒಂದು ಋತುವಿಗೆ 40 ಹೆಣ್ಣು ಎಂದರೂ ಹದಿನೈದು ಋತುವಿಗೆ 600. ಅರಬ್ಬಿ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅನುಮತಿ ಇರುವುದರಿಂದ ವೀರ್ಯದ ಕಡ್ಡಿಗಳು ಕಡಲು ದಾಟಿ ಹೋಗುತ್ತವೆ. ಸಂಖ್ಯೆ ಇನ್ನೂ ಏರುತ್ತದೆ. ರೇಸಿನ ಥರೋಬ್ರೆಡ್ ಕುದುರೆಗೆ ಈ ಅನುಮತಿ ಇಲ್ಲ. ಅಲ್ಲಿ ಗಂಡು ಹೆಣ್ಣು ಎದುರೆದುರು ಸೇರಿದರೆ ಮಾತ್ರ ಮರಿಗೆ ದಾಖಲೆ.

ರಸೇನ್ ಸಾಲಿನಲ್ಲಿ ಈ ಗುಣಾಕಾರ ಕಣ್ಣಿಗೆ ಕಾಣುತ್ತದೆ. 1926ರಲ್ಲಿ ಕಾರ್ನ್‌ಫ್ಲೇಕ್ಸ್ ಖ್ಯಾತಿಯ ಡಬ್ಲ್ಯು. ಕೆ. ಕೆಲಾಗ್ ಕ್ರ್ಯಾಬೆಟ್‌ನಿಂದ 80,000 ಡಾಲರಿಗೂ ಹೆಚ್ಚು ಕೊಟ್ಟು ಕುದುರೆಗಳ ಒಂದು ದೊಡ್ಡ ತಂಡವನ್ನೇ ಕ್ಯಾಲಿಫೋರ್ನಿಯಾದ ಪೊಮೋನಾಕ್ಕೆ ತರಿಸಿದರು. ಅದರಲ್ಲಿ ಮೂರು ವರ್ಷದ ರಸೇನ್ ಇತ್ತು. ರಸೇನ್ ಮಗ ಫರ್ಸೇನ್, ಅವನ ಮಗ ಅಮೆರಿಗೊ, ಅವನ ಮಗ 1967ರಲ್ಲಿ ಹುಟ್ಟಿದ ಕೆಮೊಸಾಬಿ. ಕೆಮೊಸಾಬಿ 1973ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಸ್ಟಾಲಿಯನ್. 2001ರಲ್ಲಿ ಸಾಯುವ ಹೊತ್ತಿಗೆ 1,200ಕ್ಕೂ ಹೆಚ್ಚು ಮರಿಗಳ ತಂದೆ. ಸ್ಕೊವ್ರೊನೆಕ್‌ನ ಗಿರಿಮಗ ಒಬ್ಬನಿಂದಲೇ ಅಷ್ಟು.

ರಾಫಲ್ಸ್ ಕತೆ ಬೇರೆ. ಅವನ ತಂದೆ ಸ್ಕೊವ್ರೊನೆಕ್. ತಾಯಿ ರಿಫಾಲಾ ಸಹ ಸ್ಕೊವ್ರೊನೆಕ್ ಮಗಳೇ. ತಂದೆ–ಮಗಳನ್ನು ಕೂಡಿಸಿ ಪಡೆದ ಮರಿ. ತಂದೆಯಿಂದ 50, ತಾಯಿಯ ಮೂಲಕ 25, ಒಟ್ಟು ಶೇ 75ರಷ್ಟು ಸ್ಕೊವ್ರೊನೆಕ್ ರಕ್ತ. ತಳಿಶಾಸ್ತ್ರಜ್ಞರು ಹೇಳುವ ಒಳಸಂತಾನದ ಗುಣಾಂಕ ಇಂಥ ಜೋಡಿಗೆ ಶೇ 25. ಅಂದರೆ ನಾಲ್ಕರಲ್ಲಿ ಒಂದು ವಂಶವಾಹಿ ಜಾಗದಲ್ಲಿ ಎರಡೂ ಪ್ರತಿಗಳು ಒಂದೇ ಮೂಲದವು ಆಗಿರುವ ಸಂಭವ. ರಾಫಲ್ಸ್ ಕುಳ್ಳಗಿದ್ದ. ಇಂಗ್ಲೆಂಡಿನಲ್ಲಿ ಬೀಜಕ್ಕೆ ಬಾರದವನು ಎನಿಸಿಕೊಂಡ. 1932ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಅಲ್ಲಿನ ಆರೈಕೆಯಲ್ಲಿ ಫಲ ಕೊಡತೊಡಗಿದ. 1953ರಲ್ಲಿ ಸಾಯುವಷ್ಟರಲ್ಲಿ ಅವನ ಹೆಸರಿನಲ್ಲಿ 120ರ ಆಸುಪಾಸು ಮರಿಗಳಿದ್ದವು. ಪೂರ್ತಿ ಬೇರೆ ರಕ್ತದ ಹೆಣ್ಣಿಗೆ ಬಿಟ್ಟರೂ ಅವನ ಮರಿಯಲ್ಲಿ ಅಜ್ಜನ ಪಾಲು ಶೇ 37.5. ಸಾಧಾರಣ ಮೊಮ್ಮಗನಿಗೆ ಅದು 25. ಹಳೆಯ ತಳಿಗಾರರು ಅಜ್ಜನ ಅಚ್ಚು ಬೇಕೆಂದಾಗ ಮಾಡುತ್ತಿದ್ದ ಈ ಕ್ರಮ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಂದೇ ಅಳತೆಯಲ್ಲಿ ಇಮ್ಮಡಿಸುತ್ತದೆ. ಇದನ್ನು ಇಂದು ಯಾರೂ ಕಣ್ಣು ಮುಚ್ಚಿ ಮಾಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ಇನ್ನು ನಸೀಮ್. 1936ರಲ್ಲಿ ಸೋವಿಯತ್ ಸರ್ಕಾರ ಉತ್ತರ ಕಾಕಸಸ್‌ನ ತೆರ್ಸ್ಕ್ ಅಶ್ವಶಾಲೆಗೆಂದು ಕ್ರ್ಯಾಬೆಟ್‌ನಿಂದ 25 ಕುದುರೆ ಕೊಂಡಿತು. ಅದರಲ್ಲಿ 14 ವರ್ಷದ ನಸೀಮ್ ಇದ್ದ. ಆ ವಯಸ್ಸಿನಲ್ಲಿ ಹೊಸ ದೇಶ, ಹೊಸ ಹಿಂಡು. ಮೂರು ವರ್ಷ ಕಳೆಯುವಷ್ಟರಲ್ಲಿ ಯುದ್ಧ. 1939ರಲ್ಲಿ ಕೆಂಪು ಸೇನೆ ಪೋಲೆಂಡಿನ ಯಾನುಫ್ ಪೊದ್ಲಾಸ್ಕಿ ಅಶ್ವಶಾಲೆಯ ಕುದುರೆಗಳನ್ನು ಹೊಡೆದುಕೊಂಡು ತೆರ್ಸ್ಕ್‌ಗೆ ಸಾಗಿಸಿತು. ಆ ಲೂಟಿಯ ಹೆಣ್ಣುಗಳಲ್ಲಿ ತರಾಶ್ಚಾ, ವಗೊದ್ನಾ ಇದ್ದವು. ನಸೀಮ್ ಮತ್ತು ತರಾಶ್ಚಾಗೆ 1945ರಲ್ಲಿ ನೆಗಾತಿವ್ ಹುಟ್ಟಿದ. ನೆಗಾತಿವ್ ಮತ್ತು ವಗೊದ್ನಾಗೆ 1950ರಲ್ಲಿ ನಬೋರ್ ಹುಟ್ಟಿದ. 50ರ ದಶಕದ ನಡುವೆ ನಬೋರ್ ಪೋಲೆಂಡಿನ ಸರ್ಕಾರಿ ಅಶ್ವಶಾಲೆಗಳಿಗೆ ಬಂದ. ಮುತ್ತಜ್ಜನ ರಕ್ತ ಅಪ್ಪ–ತಾತಂದಿರ ಮೂಲಕ ಇಂಗ್ಲೆಂಡ್, ರಷ್ಯಾ ಸುತ್ತಿ ಪೋಲಿಷ್ ಲಾಯಕ್ಕೆ ಮರಳಿತು.

1963ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನ ಆನ್ ಮೆಕಾರ್ಮಿಕ್ ನಬೋರ್‌ನನ್ನು ಅಮೆರಿಕಕ್ಕೆ ತರಿಸಿದರು. 1969ರಲ್ಲಿ ಅವರು ತೀರಿಕೊಂಡ ಮೇಲೆ ಲಾಯ ಹರಾಜಿಗೆ ಬಂತು. ಉದ್ಯಮಿ ಟಾಮ್ ಚಾನ್ಸಿ ಮತ್ತು ಗಾಯಕ ವೇಯ್ನ್ ನ್ಯೂಟನ್ ಸೇರಿ ಒಂದೂವರೆ ಲಕ್ಷ ಡಾಲರಿಗೆ ಕೂಗಿದರು. ಅರಬ್ಬಿ ಕುದುರೆಗೆ ಅಲ್ಲಿಯವರೆಗೆ ಯಾರೂ ಕೊಡದ ಬೆಲೆ. ಕುದುರೆಗೆ ಆಗ 19 ವರ್ಷ. ಸವಾರಿ, ಪ್ರದರ್ಶನ ಎಲ್ಲ ಮುಗಿದ ವಯಸ್ಸು. ಆ ಹಣ ಪೂರ್ತಿ ಬೀಜಕ್ಕೆ ಕೊಟ್ಟದ್ದು.

ನಬೋರ್ ಸತ್ತದ್ದು 1977ರಲ್ಲಿ. ಎಂಟು ವರ್ಷಕ್ಕೆ ಹಂಚಿದರೆ ಖರೀದಿಯ ಬಂಡವಾಳವೇ ವರ್ಷಕ್ಕೆ 18,750 ಡಾಲರ್, ದಿನಕ್ಕೆ 51. ಮೇವು, ಆಳು, ವೈದ್ಯರು ಬೇರೆ. ಒಂದು ಹೆಣ್ಣಿಗೆ ಬಿಡುವ ಶುಲ್ಕ 2,500 ಡಾಲರ್ ಎಂದು ಲೆಕ್ಕದ ಸಲುವಾಗಿ ಇಟ್ಟುಕೊಳ್ಳೋಣ. ಅಸಲು ತೀರಲು 60 ಹೆಣ್ಣು ಬೇಕು. ಶುಲ್ಕ 1,000 ಎಂದರೆ 150 ಹೆಣ್ಣು. ಎಂಟು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಹತ್ತೊಂಬತ್ತು. ಇಳಿವಯಸ್ಸಿನ ಗಂಡಿಗೂ ಅದು ಅಸಾಧ್ಯವಲ್ಲ. ಹಾಗಾಗಿ ಆ ಕೂಗು ಹುಚ್ಚಾಟವಾಗಿರಲಿಲ್ಲ. ಖರೀದಿಯ ಮರುವರ್ಷವೇ, 1970ರಲ್ಲಿ, ನಬೋರ್ ಮಗ ಅರಾಮುಸ್ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ. ತಂದೆಯ ಬೆಲೆಯನ್ನು ಮಗ ಸಮರ್ಥಿಸಿದ.

ಹಾಗಿದ್ದರೆ ನಬೋರ್‌ನಲ್ಲಿ ಸ್ಕೊವ್ರೊನೆಕ್ ಪಾಲು ಎಷ್ಟು? ನಸೀಮ್‌ಗೆ 50, ನೆಗಾತಿವ್‌ಗೆ 25, ನಬೋರ್‌ಗೆ 12.5. ಇದು ಸರಾಸರಿ. ವಂಶವಾಹಿಗಳು ಪ್ರತಿ ಸಲವೂ ಕಲೆಸಿ ಇಳಿಯುವುದರಿಂದ ನಿಜದ ಅಂಕಿ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. ಒಂದು ಮಾತ್ರ ಹಂಚಿಹೋಗುವುದಿಲ್ಲ. ಗಂಡಿನಿಂದ ಗಂಡಿಗೆ ಇಳಿಯುವ ವೈ ವರ್ಣತಂತು ಇಬ್ರಾಹಿಂನಿಂದ ನಬೋರ್‌ವರೆಗೆ ಬಹುತೇಕ ಹಾಗೆಯೇ ಬಂದಿದೆ. ವಂಶಾವಳಿ ಓದುವವರು ಗಂಡಿನ ಸಾಲಿಗೆ ಅಷ್ಟು ಮರ್ಯಾದೆ ಕೊಡಲು ಇದೊಂದು ನೆಲೆ. ಉಳಿದ 87.5 ಭಾಗ ಮುತ್ತಜ್ಜ–ಮುತ್ತಜ್ಜಿಯರ ಸಾಲಿನ ಬೇರೆ ಏಳು ಕುದುರೆಗಳದ್ದು. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರುವ ಹೆಸರು ಎಂಟರಲ್ಲಿ ಒಂದು ಪಾಲಿನದು ಮಾತ್ರ.

ಇಂಥ ಲೆಕ್ಕಕ್ಕೆ ವಂಶದ ದಾಖಲೆ ಬೇಕು. ಅದು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ಇತಿಹಾಸವಿದೆ. ವಿಜಯನಗರದಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಬರೆದಿಟ್ಟ ಪ್ರಕಾರ ಅರಸರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು, ಹೊರ್ಮುಜ್‌ನಿಂದ ಬಂದವು ಮತ್ತು ನಾಡ ತಳಿಯವು ಸೇರಿ. ಸಾಳ್ವ ನರಸಿಂಹನ ಕಾಲದ ಬಗ್ಗೆ ಅವನು ಕೊಡುವ ದರ ಇನ್ನೂ ಬೆರಗಿನದು: ಮೂರು ಕುದುರೆಗೆ ಸಾವಿರ ಪರ್ದಾವ್, ಜೀವಂತವಿರಲಿ ಸತ್ತಿರಲಿ. ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ತಿ ಹಣ. ಅಂದರೆ ತಲೆಗೆ 333 ಚಿನ್ನದ ನಾಣ್ಯ. ಕಡಲ ಪಯಣದ ನಷ್ಟವನ್ನೆಲ್ಲ ಕೊಳ್ಳುವವನೇ ಹೊತ್ತ ವ್ಯವಹಾರ. ನೂನಿಜ್ ಅಂಕಿಯಲ್ಲಿ ಉತ್ಪ್ರೇಕ್ಷೆ ಇದೆ ಎಂದು ಅರ್ಧಕ್ಕೆ ಇಳಿಸಿದರೂ ಇಪ್ಪತ್ತು ವರ್ಷಕ್ಕೆ 1,30,000 ಕುದುರೆಯಾಯಿತು.

ಭಟ್ಕಳ, ಹೊನ್ನಾವರ, ಗೋವಾ ಬಂದರುಗಳಲ್ಲಿ ಇಳಿದ ಆ ಕುದುರೆಗಳ ಸಾಲಿನಿಂದ ಹೆಸರಿಟ್ಟು ಹೇಳಬಹುದಾದ ಒಂದು ವಂಶವೂ ಇಂದು ನಮ್ಮಲ್ಲಿಲ್ಲ. ಹವೆ, ಮೇವು, ನಿರಂತರ ಯುದ್ಧ ಎಲ್ಲವೂ ಕಾರಣ. ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಇನ್ನೊಂದು: ಕೊಂಡದ್ದಕ್ಕೆ ಲೆಕ್ಕವಿತ್ತು, ಹುಟ್ಟಿದ್ದಕ್ಕೆ ಪುಸ್ತಕವಿರಲಿಲ್ಲ. ಇಂಗ್ಲೆಂಡಿನ ಜನರಲ್ ಸ್ಟಡ್ ಬುಕ್ 1791ರಲ್ಲಿ ಶುರುವಾಯಿತು. ಇಂದು ಬೆಂಗಳೂರು, ಮೈಸೂರಿನ ರೇಸ್ ಮೈದಾನಗಳಲ್ಲಿ ಓಡುವ ಥರೋಬ್ರೆಡ್‌ಗಳಿಗೂ ಆ ಪುಸ್ತಕವೇ ಬುಡ. ಜಗತ್ತಿನ ಥರೋಬ್ರೆಡ್ ಗಂಡುಗಳಲ್ಲಿ ಶೇ 95ರಷ್ಟರ ಅಪ್ಪನ ಸಾಲು 1704ರಲ್ಲಿ ಅಲೆಪ್ಪೊದಿಂದ ಯಾರ್ಕ್‌ಷೈರ್‌ಗೆ ಬಂದ ಡಾರ್ಲಿ ಅರೇಬಿಯನ್ ಎಂಬ ಒಂದೇ ಕುದುರೆಗೆ ಮುಟ್ಟುತ್ತದೆ. ಹುಟ್ಟು ಬರೆದಿಡದಿದ್ದರೆ ಈ ಹೆಸರೂ ನಮಗೆ ತಿಳಿಯುತ್ತಿರಲಿಲ್ಲ.

ಪುಸ್ತಕ ಬೆಲೆಯನ್ನು ಏರಿಸಿದಂತೆ ಸಟ್ಟಾವನ್ನೂ ಕರೆತಂದಿತು. 1981ರಲ್ಲಿ ಪೋಲೆಂಡಿನ ಎಲ್ ಪಾಸೊ ಎಂಬ ಗಂಡು ಹತ್ತು ಲಕ್ಷ ಡಾಲರಿಗೆ ಅಮೆರಿಕಕ್ಕೆ ಹೋಯಿತು. 1984ರಲ್ಲಿ ಲವ್ ಪೋಶನ್ ಎಂಬ ಹೆಣ್ಣು ಇಪ್ಪತ್ತೈದೂವರೆ ಲಕ್ಷ ಡಾಲರಿಗೆ ಹೋಯಿತು. 1985ರಲ್ಲಿ ಯಾನುಫ್ ಪೊದ್ಲಾಸ್ಕಿ ಹರಾಜಿನಲ್ಲಿ ಪೆನಿಸಿಲಿನಾ ಹದಿನೈದು ಲಕ್ಷ ತಂದಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ವರ್ಷಕ್ಕೆ ದಾಖಲಾಗುವ ಅರಬ್ಬಿ ಮರಿಗಳು 30,000ದ ಆಸುಪಾಸು. ಈ ಹಣದಲ್ಲಿ ದೊಡ್ಡ ಪಾಲು ಕುದುರೆಯ ಮೋಹದಿಂದ ಬಂದದ್ದಲ್ಲ. ಕುದುರೆ ಸಾಕಣೆಯ ನಷ್ಟವನ್ನು ಬೇರೆ ಆದಾಯದಿಂದ ಕಳೆದು ತೆರಿಗೆ ಉಳಿಸಬಹುದಿತ್ತು. 1986ರ ತೆರಿಗೆ ಸುಧಾರಣೆ ಆ ಬಾಗಿಲು ಮುಚ್ಚಿತು. ಬೆಲೆ ಕುಸಿಯಿತು. ಇಪ್ಪತ್ತು ವರ್ಷ ಕಳೆದ ಮೇಲೆ ವಾರ್ಷಿಕ ದಾಖಲಾತಿ 10,000ಕ್ಕೂ ಕೆಳಗಿತ್ತು. ಉಳಿದ ಮಾರುಕಟ್ಟೆಯ ದೊಡ್ಡ ಕೊಳ್ಳುಗರು ಈಗ ಕೊಲ್ಲಿ ರಾಷ್ಟ್ರಗಳವರು. 2015ರಲ್ಲಿ ಪೋಲೆಂಡಿನ ಪೆಪಿತಾ ಎಂಬ ಹೆಣ್ಣಿಗೆ 14 ಲಕ್ಷ ಯೂರೋ ಬಂತು.

ಹೆಚ್ಚು ಬೇಡಿಕೆಯ ಗಂಡಿನ ಇನ್ನೊಂದು ಖರ್ಚು ರಸೀದಿಯಲ್ಲಿ ಕಾಣುವುದಿಲ್ಲ. ಅರಬ್ಬಿ ತಳಿಯಲ್ಲಿ ಎಸ್‌ಸಿಐಡಿ ಎಂಬ ರೋಗವಿದೆ. ಮರಿ ಹುಟ್ಟುವಾಗಲೇ ರೋಗನಿರೋಧಕ ಶಕ್ತಿ ಇರುವುದಿಲ್ಲ. ತಾಯಿಹಾಲಿನ ರಕ್ಷಣೆ ಮುಗಿಯುತ್ತಿದ್ದಂತೆ ಯಾವುದೋ ಸಾಮಾನ್ಯ ಸೋಂಕಿಗೆ, ಆರು ತಿಂಗಳು ತುಂಬುವ ಮೊದಲೇ ಸಾಯುತ್ತದೆ. ಒಂದು ವಂಶವಾಹಿಯಲ್ಲಿ ಐದು ಅಕ್ಷರ ಬಿಟ್ಟುಹೋದದ್ದು ಕಾರಣ ಎಂದು 1997ರಲ್ಲಿ ಪತ್ತೆಯಾಯಿತು. 1998ರ ಅಮೆರಿಕದ ಅಧ್ಯಯನವೊಂದರಲ್ಲಿ ಶೇ 8.4ರಷ್ಟು ಅರಬ್ಬಿಗಳು ಈ ದೋಷದ ವಾಹಕರು ಎಂದು ಕಂಡುಬಂತು. ವಾಹಕ ಕುದುರೆ ನೋಡಲು ಪೂರ್ಣ ಆರೋಗ್ಯವಂತ. ಎರಡು ವಾಹಕಗಳು ಕೂಡಿದರೆ ನಾಲ್ಕರಲ್ಲಿ ಒಂದು ಮರಿಗೆ ಸಾವು ಖಚಿತ.

ಸಾವಿರ ಮರಿಗಳ ತಂದೆಯೊಬ್ಬ ವಾಹಕ ಎಂದುಕೊಳ್ಳಿ. ಹೆಣ್ಣುಗಳಲ್ಲಿ ಸುಮಾರು 84 ವಾಹಕ. ಅವುಗಳ ಮರಿಗಳಲ್ಲಿ ಕಾಲು ಭಾಗ, ಅಂದರೆ 21 ಸಾಯುತ್ತವೆ. ಅದು ಕಣ್ಣಿಗೆ ಕಾಣುವ ನಷ್ಟ. ಉಳಿದವುಗಳಲ್ಲಿ ಅರ್ಧದಷ್ಟು, ಸುಮಾರು 500, ವಾಹಕಗಳಾಗಿ ದೇಶಾಂತರ ಹೋಗುತ್ತವೆ. ಅವು ಸ್ಟಡ್ ಬುಕ್ಕಿನಲ್ಲಿ ಚಾಂಪಿಯನ್ ಮಕ್ಕಳೆಂದೇ ದಾಖಲಾಗುತ್ತವೆ. ಇಂಥ ಗಂಡಿನ ಮಗಳನ್ನು ಅವನಿಗೇ ಕೂಡಿಸಿದರೆ ಅವಳು ವಾಹಕಳಾಗಿರುವ ಸಾಧ್ಯತೆ 8.4ರಿಂದ ಸುಮಾರು 50ಕ್ಕೆ ಜಿಗಿಯುತ್ತದೆ. ರಾಫಲ್ಸ್ ಮಾದರಿಯನ್ನು ಇಂದು ಕಣ್ಣು ಮುಚ್ಚಿ ಅನುಸರಿಸಬಾರದು ಎಂದದ್ದು ಇದಕ್ಕೆ. ಪರೀಕ್ಷೆ ಈಗ ಇದೆ, ಕೆಲವು ಕೂದಲಿನ ಬುಡ ಸಾಕು.

ಬಿಳಿ ಬಣ್ಣಕ್ಕೂ ಒಂದು ಲೆಕ್ಕವಿದೆ. ಸ್ಕೊವ್ರೊನೆಕ್, ನಸೀಮ್, ನೆಗಾತಿವ್, ನಬೋರ್ ನಾಲ್ಕೂ ಬೂದು ಬಣ್ಣದಲ್ಲಿ ಬೆಳೆದು ಬಿಳಿಯಾದ ಕುದುರೆಗಳು. ಈ ಬಣ್ಣ ಕೊಡುವ ಬದಲಾವಣೆಯನ್ನು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳ ತಂಡ ಗುರುತಿಸಿತು. ಅದೇ ಬದಲಾವಣೆ ಚರ್ಮದ ಗಡ್ಡೆಯ ಅಪಾಯವನ್ನೂ ತರುತ್ತದೆ. ಹದಿನೈದು ದಾಟಿದ ಇಂಥ ಕುದುರೆಗಳಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತರಲ್ಲಿ ಮೆಲನೋಮಾ ಕಾಣಿಸಿಕೊಳ್ಳುತ್ತದೆ. ಹೆಚ್ಚಿನವು ನಿಧಾನದವು, ಎಲ್ಲವೂ ಅಲ್ಲ. ಹತ್ತೊಂಬತ್ತು ವರ್ಷದ ಬಿಳಿ ಕುದುರೆಗೆ ಒಂದೂವರೆ ಲಕ್ಷ ಕೊಡುವಾಗ ಈ ಅಪಾಯವನ್ನೂ ಕೊಂಡಂತಾಯಿತು.

55 ಪಟ್ಟಿನ ಪ್ರಶ್ನೆಗೆ ಬರುತ್ತೇನೆ. ನನ್ನ ತೀರ್ಪಿನಲ್ಲಿ ಅದರ ದೊಡ್ಡ ಪಾಲು ಗಂಡುಗಳದ್ದಲ್ಲ. ಕ್ರ್ಯಾಬೆಟ್‌ನ ಹೆಣ್ಣುಗಳು ಇಲ್ಲದೆ ನಸೀಮ್ ಇಲ್ಲ, ತರಾಶ್ಚಾ ಇಲ್ಲದೆ ನೆಗಾತಿವ್ ಇಲ್ಲ, ವಗೊದ್ನಾ ಇಲ್ಲದೆ ನಬೋರ್ ಇಲ್ಲ. ಈ ಹೆಣ್ಣುಗಳಲ್ಲಿ ಕೊನೆಯ ಎರಡೂ ಯುದ್ಧದ ಲೂಟಿಯಾಗಿ ಬಂದವು, ಬೆಲೆಯ ಕಾಲಂ ಖಾಲಿ. ಅಂಕಿಗಳು ಅವನ್ನು ಎಣಿಸಲಿಲ್ಲ, ರಕ್ತ ಎಣಿಸಿತು. ಇಂದು ಕರ್ನಾಟಕದಲ್ಲಿ ಸವಾರಿಗೋ ತಳಿಗೋ ಕುದುರೆ ಕೊಳ್ಳುವವರು ಗಂಡಿನ ಹೆಸರು ಕೇಳಿ ಮುಂಗಡ ಕೊಡಬೇಡಿ. ತಾಯಿಯ ಕಡೆಯ ಮೂರು ತಲೆಮಾರು ಬರೆದ ಕಾಗದ ಕೇಳಿ, ಡಿಎನ್‌ಎ ದೃಢೀಕರಣ ಕೇಳಿ, ಅರಬ್ಬಿಯಾದರೆ ಎಸ್‌ಸಿಐಡಿ ಪರೀಕ್ಷೆಯ ವರದಿ ಕೇಳಿ. ಮೂರೂ ಸಿಕ್ಕ ಮೇಲೆ ಬೆಲೆಯ ಮಾತಾಡಿ.